ಬಿಳಿಯಾಗಿಯೇ ಉಳಿದ ಹೆಸರುಗಳು

ಸಾಮೆ ಅಕ್ಕಿಯನ್ನು ಮೊಮ್ಮಕ್ಕಳಾದ ನೀವೆಲ್ಲ ಅಂಗಡಿಯ ಪೊಟ್ಟಣದಲ್ಲಿ ಮಾತ್ರ ನೋಡಿದ್ದೀರಿ. ಹೊಲದಿಂದ ಬಂದ ಸಾಮೆಗೆ ಗಟ್ಟಿಯಾದ ಸಿಪ್ಪೆ ಇರುತ್ತದೆ. ನನ್ನ ತವರೂರು ಶಾಗ್ಯದಲ್ಲಿ ಅದನ್ನು ಒರಳಿಗೆ ಸುರಿದು ಒನಕೆಯಲ್ಲಿ ಕುಟ್ಟುತ್ತಿದ್ದೆವು, ಕೇರುತ್ತಿದ್ದೆವು, ಮತ್ತೆ ಕುಟ್ಟುತ್ತಿದ್ದೆವು. ಒಂದು ಹೊತ್ತಿನ ಅನ್ನಕ್ಕೆ ಅರ್ಧ ದಿನದ ಕೆಲಸ. ಈಗಿನ ಹೆಂಗಸರಿಗೆ ಅಷ್ಟು ಪುರುಸೊತ್ತಿಲ್ಲ. ಕುಟ್ಟುವವರಿಲ್ಲ ಎಂಬ ಒಂದೇ ಕಾರಣಕ್ಕೆ ಸಾಮೆ ಬಿತ್ತುವವರೂ ಕಡಿಮೆಯಾಗುತ್ತಾ ಬಂದರು.

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಕೆಲವು ಹೆಂಗಸರ ಸಂಘಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದೇವೆ. ನನ್ನ ಹೆಸರು ಇರುವುದು ಬಂಡಳ್ಳಿಯ ಸಂಘದಲ್ಲಿ, ಅದು ನನ್ನನ್ನು ಕೊಟ್ಟ ಊರು. ನಿಮ್ಮ ತಾತ ಹೋದ ಮೇಲೆ ನಾನು ಕೊಳ್ಳೇಗಾಲದಲ್ಲಿರುವ ಮಗನ ಮನೆಗೆ ಬಂದೆ, ಆದರೆ ಸಂಘದಿಂದ ಹೆಸರು ತೆಗೆಸಲಿಲ್ಲ. ಈ ಒಕ್ಕೂಟಕ್ಕೆ ಸಾಮೆಯ ಸಿಪ್ಪೆ ಬಿಡಿಸುವ ಯಂತ್ರವೊಂದು ಸರ್ಕಾರದಿಂದ ಮಂಜೂರಾಯಿತು. ಬರುವುದು ಒಂದೇ ಯಂತ್ರ. ಅದನ್ನು ಯಾವ ಊರಿನಲ್ಲಿ ಇಡಬೇಕೆಂದು ನಾವೇ ಮಾತಾಡಿಕೊಂಡು ತಿಳಿಸಬೇಕಿತ್ತು.

ಮಾತಾಡಿಕೊಳ್ಳುವುದೇ ನಮಗೆ ಕಷ್ಟವಾಗಿತ್ತು. ಹಿಂದೆ ಎಲ್ಲರೂ ಬಸ್ಸು ಹಿಡಿದು ಕೊಳ್ಳೇಗಾಲಕ್ಕೆ ಬಂದು ಸಭೆ ಮಾಡುತ್ತಿದ್ದರು. ರೋಗದ ಕಾಲದಲ್ಲಿ ಬಸ್ಸು ನಿಂತಾಗ ಸಭೆಗಳು ಮೊಬೈಲಿಗೆ ಬಂದವು, ಬಸ್ಸು ಮತ್ತೆ ಓಡಿದರೂ ಅಲ್ಲೇ ಉಳಿದವು. ಮೊಬೈಲಿನ ಸಭೆಯೆಂದರೆ ಎಲ್ಲರೂ ಒಟ್ಟಿಗೆ ಮಾತಾಡುವುದು. ಒಬ್ಬರ ಮನೆಯ ಕೋಳಿ, ಇನ್ನೊಬ್ಬರ ಮನೆಯ ಟಿವಿ, ಇದರ ನಡುವೆ ಗಂಟಲು ದೊಡ್ಡದಿದ್ದವರ ಮಾತೇ ಕೊನೆಗೆ ನಿಲ್ಲುವುದು. ನನ್ನಂಥವರು ಬಾಯಿ ತೆರೆಯುವುದರೊಳಗೆ ವಿಷಯ ಬೇರೆಯಾಗಿರುತ್ತಿತ್ತು. ನನಗೆ ಅದರಿಂದ ಬೇಸರವೇನೂ ಇರಲಿಲ್ಲ. ಮಾತಾಡುವುದು ತಪ್ಪಿತಲ್ಲ ಎಂದೇ ಅನಿಸುತ್ತಿತ್ತು.

ನನ್ನ ಸೊಸೆ, ನಿಮ್ಮಲ್ಲಿ ಇಬ್ಬರಿಗೆ ಅಮ್ಮ, ಉಳಿದವರಿಗೆ ಅತ್ತೆ, ಇಲ್ಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ನನಗೆ ಸಭೆಯ ಲಿಂಕ್ ತೆರೆದು ಕೊಡುವವಳು ಅವಳೇ. ಹಾಗಾಗಿ ಆ ಗದ್ದಲವೆಲ್ಲ ಅವಳ ಕಿವಿಗೂ ಬೀಳುತ್ತಿತ್ತು. ಒಂದು ದಿನ ಅವಳೇ ಒಕ್ಕೂಟದ ಅಧ್ಯಕ್ಷೆಯನ್ನು ಕೇಳಿ, ಸಭೆ ನಡೆಸುವುದಕ್ಕೆಂದೇ ಒಂದು ವೆಬ್ ಪುಟ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಳು. ಮೊಬೈಲಿಗೆ ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ, ಲಿಂಕ್ ಒತ್ತಿದರೆ ತೆರೆದುಕೊಳ್ಳುತ್ತದೆ ಎಂದಳು.

ಕಾಲೇಜಿನಿಂದ ಬಂದು ಕಾಫಿ ಕುಡಿದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದೆ. ಪುಟದಲ್ಲಿ ಎಲ್ಲರ ಹೆಸರೂ ದುಂಡಗೆ ಜಗಲಿಯ ಮೇಲೆ ಕೂತ ಹಾಗೆ ಕಾಣುತ್ತಿತ್ತು. ಯಾರ ಸರದಿಯೋ ಅವರ ಹೆಸರು ದೊಡ್ಡದಾಗುತ್ತಿತ್ತು, ಆಗ ಉಳಿದವರ ಮೈಕು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೊದಲು ವಿಷಯ ಇಡುವುದು. ಆಮೇಲೆ ಅರ್ಥವಾಗದ್ದನ್ನು ಕೇಳುವುದು. ಆಮೇಲೆ ಒಬ್ಬೊಬ್ಬರೂ ಅನಿಸಿದ್ದನ್ನು ಹೇಳುವುದು. ಕೊನೆಗೆ ಒತ್ತುವುದು. ಹಸಿರು ಒತ್ತಿದರೆ ಒಪ್ಪಿಗೆ. ಕೆಂಪು ಒತ್ತಿದರೆ ತಕರಾರು. ಒತ್ತುವವರೆಗೂ ಹೆಸರು ಬಿಳಿಯಾಗಿರುತ್ತದೆ.

ತಕರಾರು ಎಂಬ ಮಾತು ನಡೆಯುವುದಿಲ್ಲ ಎಂದು ನಾನೇ ಹೇಳಿದೆ. ನಮ್ಮ ಕಡೆ ತಕರಾರು ಎಂದರೆ ಜಮೀನಿನ ವ್ಯಾಜ್ಯ, ಕೋರ್ಟು. ಅವಳು ಅದನ್ನು ಅಳಿಸಿ ತೊಡಕು ಎಂದು ಬರೆದಳು.

ಪುಟ ಸರಿಯಾಗಿದೆಯೇ ಎಂದು ನೋಡಲು ಅವಳು ಲ್ಯಾಪ್‌ಟಾಪಿನ ಪರದೆಯಲ್ಲಿ ಹಲವು ಕಿಟಕಿಗಳನ್ನು ತೆರೆದು, ಒಂದೊಂದರಲ್ಲಿ ಒಬ್ಬೊಬ್ಬರ ಹೆಸರು ಹಾಕಿ, ನನ್ನ ಕೈಯಲ್ಲಿ ಒತ್ತಿಸುತ್ತಿದ್ದಳು. ಒಂದು ಸಲ ನನ್ನ ತಮ್ಮನ ಹೆಂಡತಿಯ ಹೆಸರಿನ ಕಿಟಕಿ ತೋರಿಸಿ ಕೆಂಪು ಒತ್ತಲು ಹೇಳಿದಳು. ಶಾಗ್ಯದ ಸಂಘವನ್ನು ನೋಡಿಕೊಳ್ಳುವವಳು ಈ ತಮ್ಮನ ಹೆಂಡತಿಯೇ. ನಾನು ಒತ್ತಲಿಲ್ಲ.

"ಸುಳ್ಳು ಸುಳ್ಳೇ ಒತ್ತಿ ಅತ್ತೆ. ಬರೀ ಟೆಸ್ಟಿಂಗು."

"ಅವ್ಳ ಎಸ್ರಲ್ಲಿ ನಾನು ಬ್ಯಾಡ ಅನ್ನಾದ? ಚೆಂದಾಗಿರ್ತದ?"

"ಹಾಗಾದ್ರೆ ನಿಮ್ಮ ಹೆಸರಲ್ಲಿ ಒತ್ತಿ."

"ನಂಗೇನವ್ವ ತೊಡಕು? ನೀನು ಮಾಡಿರದು ಚೆಂದಾಗೇ ಅದ."

ಅವಳು ನಕ್ಕು ತಾನೇ ಒತ್ತಿಕೊಂಡಳು.

ಪ್ರಯೋಗಕ್ಕೆಂದು ನಡೆಸಿದ ಸಭೆಗಳಲ್ಲಿ ಒಂದು ಫಜೀತಿಯಾಯಿತು. ಒತ್ತುವ ಹೊತ್ತಿಗೆ ಯಾರೋ ಒಬ್ಬರು ಹಸುವಿಗೆ ಹುಲ್ಲು ಹಾಕಲು ಎದ್ದು ಹೋಗಿರುತ್ತಿದ್ದರು, ಇನ್ನೊಬ್ಬರ ಮೊಬೈಲಿನಲ್ಲಿ ಚಾರ್ಜು ಮುಗಿದಿರುತ್ತಿತ್ತು, ಬೆಟ್ಟದ ಕಡೆಯವರಿಗೆ ನೆಟ್‌ವರ್ಕ್ ಹೋಗಿರುತ್ತಿತ್ತು. ಅವರಿಗಾಗಿ ಉಳಿದವರೆಲ್ಲ ಕಾಯುತ್ತಾ ಕೂರಬೇಕಾಗಿತ್ತು. ಆದ್ದರಿಂದ ಸೊಸೆ ಒಂದು ನಿಯಮ ಮಾಡಿದಳು. ಸ್ವಲ್ಪ ಹೊತ್ತು ಕಾಯುವುದು, ಆಮೇಲೂ ಒತ್ತದೆ ಇದ್ದವರನ್ನು ಒಪ್ಪಿದವರೆಂದೇ ತಿಳಿಯುವುದು. ಆ ನಿಯಮವನ್ನು ಸಭೆಯಲ್ಲಿ ಓದಿ ಹೇಳಿ, ಎಲ್ಲರಿಗೂ ಸರಿಯೇ ಎಂದು ಕೇಳಿದಳು. ಯಾರೂ ಮಾತಾಡಲಿಲ್ಲ. ಸರಿ ಎಂದೇ ತಿಳಿದು ಹಾಗೆಯೇ ಮಾಡಿದಳು.

ಯಂತ್ರದ ವಿಷಯ ಆ ಪುಟದಲ್ಲಿ ಬಂದ ಮೊದಲ ನಿಜವಾದ ವಿಷಯ. ಸಭೆ ಮಧ್ಯಾಹ್ನ ಊಟದ ಮೇಲೆ, ಹಾಲು ಕರೆಯುವ ಹೊತ್ತಿಗೆ ಮುಂಚೆ ಇತ್ತು. ಅಧ್ಯಕ್ಷೆ ಮಾಂಬಳ್ಳಿಯವರು. ಯಂತ್ರ ಮಾಂಬಳ್ಳಿಯಲ್ಲಿ ಇರಲಿ ಎಂದು ಅವರು ವಿಷಯ ಇಟ್ಟರು. ಅವರು ಕೊಟ್ಟ ಕಾರಣಗಳು ಸುಳ್ಳಲ್ಲ. ದೊಡ್ಡ ಊರು, ಲಾರಿ ಬರುವ ರಸ್ತೆ ಇದೆ, ಖಾಲಿ ಬಿದ್ದ ಗಟ್ಟಿ ಕೋಣೆ ಇದೆ, ಯಂತ್ರಕ್ಕೆ ಬೇಕಾದ ತ್ರೀ ಫೇಸ್ ಕರೆಂಟು ಹೆಚ್ಚು ಹೊತ್ತು ಇರುತ್ತದೆ. ಅವರು ಹೇಳದೆ ಬಿಟ್ಟದ್ದು ಒಂದೇ. ಮಾಂಬಳ್ಳಿಯ ಕಡೆ ಭತ್ತದ ಗದ್ದೆಗಳು, ಅಲ್ಲಿ ಸಾಮೆ ಬೆಳೆಯುವವರು ಅಪರೂಪ. ಸಾಮೆ ಇರುವುದು ಶಾಗ್ಯದಲ್ಲಿ ಮತ್ತು ಅದರ ಸುತ್ತಿನ ಒಣ ಹೊಲಗಳಲ್ಲಿ. ಶಾಗ್ಯದವರು ಮಾಂಬಳ್ಳಿಗೆ ಹೋಗಬೇಕಾದರೆ ಮೂಟೆ ಹೊತ್ತುಕೊಂಡು ಕೊಳ್ಳೇಗಾಲಕ್ಕೆ ಬಂದು, ಅಲ್ಲಿ ಯಳಂದೂರಿನ ಕಡೆಯ ಬಸ್ಸು ಹಿಡಿಯಬೇಕು. ಮೂಟೆಯನ್ನು ಬಸ್ಸಿಗೆ ಹತ್ತಿಸಲು ಕಂಡಕ್ಟರು ಒಪ್ಪಬೇಕು. ಸಂಜೆ ಹಾಲು ಕರೆಯುವುದರೊಳಗೆ ಮನೆ ಸೇರಬೇಕು. ಯಂತ್ರ ಮಾಂಬಳ್ಳಿಗೆ ಹೋದರೆ ಶಾಗ್ಯದ ಹೆಂಗಸರಿಗೆ ಅದು ಇದ್ದೂ ಇಲ್ಲದ ಹಾಗೆ.

ಅನಿಸಿಕೆ ಹೇಳುವ ಸರದಿ ಬಂದಾಗ ನನ್ನ ತಮ್ಮನ ಹೆಂಡತಿ ಇದು ಯಾವುದನ್ನೂ ಹೇಳಲಿಲ್ಲ. ದೊಡ್ಡವರು ಯೋಚನೆ ಮಾಡಿಯೇ ಹೇಳಿರುತ್ತೀರಿ ಎಂದು ಸರದಿಯನ್ನು ಮುಂದಕ್ಕೆ ಬಿಟ್ಟಳು. ಅವಳ ಜೊತೆಯವರೂ ಹಾಗೆಯೇ ಬಿಟ್ಟರು. ನನ್ನ ಸರದಿಯಲ್ಲಿ ನಾನೂ ಏನೂ ಹೇಳಲಿಲ್ಲ.

ಒತ್ತುವ ಹೊತ್ತು ಬಂತು. ಮಾಂಬಳ್ಳಿಯ ಹೆಸರುಗಳು ಹಸಿರಾದವು, ಕೊಳ್ಳೇಗಾಲದ ಸುತ್ತಿನವು ಹಸಿರಾದವು. ಶಾಗ್ಯದ ಹೆಸರುಗಳೆಲ್ಲ ಬಿಳಿಯಾಗಿಯೇ ಇದ್ದವು. ನಮ್ಮ ಬಂಡಳ್ಳಿಯ ಕೆಲವು ಬಿಳಿ. ನನ್ನದೂ ಬಿಳಿ. ಹೊತ್ತು ಮುಗಿಯಿತು. ಬಿಳಿಯಾಗಿದ್ದವೆಲ್ಲ ಒಂದೇ ಸಲಕ್ಕೆ ಹಸಿರಾದವು. ನಾನು ಕೈ ಸೋಕಿಸದೆ ನನ್ನ ಹೆಸರು ಬಣ್ಣ ಬದಲಿಸಿದ್ದನ್ನು ನೋಡುತ್ತಾ ಕೂತಿದ್ದೆ. ಮೇಲುಗಡೆ ತೀರ್ಮಾನವಾಯಿತು ಎಂಬ ಅಕ್ಷರ ಬಂತು. ಹೊತ್ತಿಗೆ ಸರಿಯಾಗಿ ಮುಗಿದ ಮೊದಲ ಸಭೆ ಇದು ಎಂದು ಸೊಸೆಗೆ ಸಮಾಧಾನವಾಯಿತು.

ಮಾರನೆಯ ದಿನ ಬೆಳಗ್ಗೆ ತಮ್ಮನ ಹೆಂಡತಿ ಫೋನು ಮಾಡಿದಳು. ಎಂದಿನಂತೆ ತಿಂಡಿ ಆಯಿತಾ, ಮಂಡಿ ನೋವು ಹೇಗಿದೆ ಎಂದು ಕೇಳಲಿಲ್ಲ.

"ನಾವು ಮುಟ್ನಿಲ್ಲ ಕನಕ್ಕ. ಎಲ್ರ ಕಣ್ಣೆದ್ರೂಗೂ ನಾವು ಮುಟ್ದೆ ಬುಟ್ಟೊ. ಆದ್ರೂ ಮಾಂಬಳ್ಳಿಗೇ ಅಂದ್ಬುಟ್ರಲ್ಲ. ನಮ್ಮ ಮುಖಕ್ಕ ಒಂದು ಮರ್ವಾದೆ ಬ್ಯಾಡ್ವ?"

ಒಕ್ಕೂಟ ಬಿಡುವುದೆಂದು ಶಾಗ್ಯದವರೆಲ್ಲ ಮಾತಾಡಿಕೊಂಡಿದ್ದರು. ಅದನ್ನೂ ಹೇಳಿ ಫೋನು ಇಟ್ಟಳು.

ಅವಳು ಹೇಳಿದ್ದು ನನಗೆ ಅರ್ಥವಾಯಿತು. ನಿಮಗೆ ಆಗಲಿಕ್ಕಿಲ್ಲ, ಅದಕ್ಕೆ ಬರೆಯುತ್ತೇನೆ. ನಾನು ಚಿಕ್ಕವಳಿದ್ದಾಗ ಊರಿನಲ್ಲಿ ಹೆಣ್ಣು ಕೇಳಲು ಬಂದರೂ, ಆಸ್ತಿಯ ಪಾಲು ಪಾರೀಕತ್ತಿನ ಮಾತಾದರೂ, ಕೊನೆಗೆ ಎಲೆ ಅಡಿಕೆಯ ತಟ್ಟೆ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ಮಾತಿಗೆ ಒಪ್ಪಿದವರು ಎಲೆ ತೆಗೆದುಕೊಳ್ಳುವರು. ಒಪ್ಪದವರು ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಬಿಡುವರು. ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಎದುರಿಗಿದ್ದವರಿಗೆ ಅವಮಾನ, ಹೇಳಿದವರಿಗೂ ಅವಮಾನ. ತಟ್ಟೆಯಲ್ಲಿ ಎಲೆ ಮಿಕ್ಕಿದ್ದರೆ ಅವತ್ತಿನ ಮಾತು ಮುಗಿದಿಲ್ಲ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಹಿರಿಯರಲ್ಲಿ ಒಬ್ಬರು ಎದ್ದು ಮುಟ್ಟದವರ ಪಕ್ಕಕ್ಕೆ ಹೋಗಿ ಕೂರುವರು, ಇಲ್ಲವೇ ಮಾರನೆಯ ದಿನ ಅವರ ಮನೆಗೆ ಹೋಗುವರು. ತಟ್ಟೆಗಳು ಈಗ ಕಡಿಮೆಯಾಗಿವೆ. ಆದರೆ ಮುಟ್ಟದೆ ಬಿಡುವುದು ಹೋಗಿಲ್ಲ. ಶಾಗ್ಯದವರು ತಮ್ಮ ಕೈಲಾದಷ್ಟು ಸ್ಪಷ್ಟವಾಗಿ ಬೇಡ ಎಂದಿದ್ದರು. ಪುಟ ಅದನ್ನು ಬೇಕು ಎಂದು ಬರೆದುಕೊಂಡಿತ್ತು.

ಅವತ್ತು ಭಾನುವಾರ. ಸೊಸೆ ಅಡುಗೆಮನೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವಳಿಗೆ ಸ್ವಲ್ಪ ಸಿಟ್ಟೇ ಬಂತು.

"ನಿಯಮ ಓದಿದಾಗ ಒಬ್ಬರಾದ್ರೂ ಹೇಳಬಹುದಿತ್ತಲ್ಲ ಅತ್ತೆ."

"ಆಗ್ಲೂ ಯಾರೂ ಊಂ ಅನ್ನಿಲ್ಲ ಕನವ್ವ. ಅದೂ ಮುಟ್ದೆ ಬುಟ್ಟಂಗೇ."

ಅವಳು ಇನ್ನೊಂದು ದಂಟು ಕೈಗೆತ್ತಿಕೊಂಡಳು. ಆಮೇಲೆ ತನ್ನ ಕಷ್ಟ ಹೇಳಿದಳು. ಅವಳು ಹೇಳಿದ್ದರಲ್ಲಿಯೂ ತಪ್ಪಿರಲಿಲ್ಲ. ನೆಟ್‌ವರ್ಕ್ ಹೋದವರೂ ಬಿಳಿ, ಎದ್ದು ಹೋದವರೂ ಬಿಳಿ, ಒಪ್ಪದವರೂ ಬಿಳಿಯಾದರೆ ಪುಟಕ್ಕೆ ಅದು ತಿಳಿಯುವುದು ಹೇಗೆ? ಒಬ್ಬರು ಮುಟ್ಟದಿದ್ದರೂ ಸಭೆ ನಿಲ್ಲುವುದಾದರೆ ಯಾವ ಸಭೆಯೂ ಮುಗಿಯುವುದಿಲ್ಲ. ಜಗಲಿಯ ಮೇಲಾದರೆ ಮುಖ ಕಾಣುತ್ತದೆ, ಇಲ್ಲಿ ಬರೀ ಹೆಸರು ಕಾಣುವುದು. ಸೊಪ್ಪು ಬಿಡಿಸಿ ಮುಗಿಸಿದೆವು.

ಆ ವಾರವೆಲ್ಲ ಅವಳು ಪುಟದ ಕೆಲಸದಲ್ಲಿಯೇ ಇದ್ದಳು. ಮೊಬೈಲಿನ ಸಂಪರ್ಕ ತಪ್ಪಿದವರ ಹೆಸರು ಬೂದಿ ಬಣ್ಣಕ್ಕೆ ತಿರುಗುವಂತೆ ಮಾಡಿದಳು. ಸಂಪರ್ಕವಿದ್ದೂ ಒತ್ತದವರದು ಬಿಳಿಯಾಗಿಯೇ ನಿಲ್ಲುತ್ತದೆ, ತಾನಾಗಿ ಹಸಿರಾಗುವುದಿಲ್ಲ. ಬಿಳಿ ಇರುವವರೆಗೆ ತೀರ್ಮಾನ ಎಂಬ ಅಕ್ಷರ ಬರುವುದಿಲ್ಲ. ಅದರ ಬದಲು ಮಾತಿನ ಸರದಿ ಆ ಹೆಸರಿಗೆ ಮತ್ತೆ ಹೋಗುತ್ತದೆ. ಅಲ್ಲಿ ಏನು ಕೇಳಬೇಕು ಎಂಬುದಕ್ಕೆ ನಾವಿಬ್ಬರೂ ಬಹಳ ಹೊತ್ತು ಕೂತೆವು. ಯಾಕೆ ಒಪ್ಪುವುದಿಲ್ಲ ಎಂದು ಕೇಳಿದರೆ ಜಗಳಕ್ಕೆ ಕರೆದ ಹಾಗೆ. ನಿಮ್ಮ ತೊಡಕೇನು ಎಂದರೂ ಬಾಯಿ ಬಿಡುವುದಿಲ್ಲ. ಬರೆದು ಬರೆದು ಅಳಿಸಿ, ಕೊನೆಗೆ "ಏನು ಮಾಡಿಕೊಟ್ಟರೆ ನಿಮಗೆ ಆಗಿಬರುತ್ತದೆ?" ಎಂದು ಹಾಕಿದಳು. ಮನೆಗೆ ಬಂದ ನೆಂಟರನ್ನು ಕೇಳಿದ ಹಾಗಿದೆ ಎಂದು ಅವಳಿಗೇ ನಗು ಬಂತು. ಹಾಗೇ ಇರಲಿ ಎಂದೆ.

ವಿಷಯವನ್ನು ಮತ್ತೆ ಸಭೆಗೆ ತರುವುದಕ್ಕೆ ಅಧ್ಯಕ್ಷೆಯ ಒಪ್ಪಿಗೆ ಬೇಕಿತ್ತು. ಸೊಸೆ ಸ್ಪೀಕರಿಗೆ ಹಾಕಿ ಫೋನು ಮಾಡಿದಳು. ಅವರು ಆಗಲೇ ಕೋಣೆಗೆ ಸುಣ್ಣ ಹೊಡೆಸಿದ್ದರು.

"ಆಗಿದ್ದ್ ಆಯ್ತಲ್ಲವ್ವ. ಇವತ್ತು ನಮ್ಮೂರು, ನಾಳೆ ಇನ್ನೊಂದೂರು, ಅದೇನು ತೊಟ್ಲ, ಎತ್ಕಂಡು ತಿರ್ಗಕ್ಕ?"

ಸೊಸೆ ಬಿಳಿ ಹೆಸರುಗಳ ವಿಷಯ ಹೇಳಿದಳು. ಅವರೂ ಈ ಕಡೆಯವರೇ, ಬಿಡಿಸಿ ಹೇಳಬೇಕಾಗಿರಲಿಲ್ಲ.

"ಶಾಗ್ಯದೋರು ಮುಟ್ನೇ ಇಲ್ವ?" ಎಂದು ಕೇಳಿದರು. ಆಮೇಲೆ, "ನಾನು ಕೊನೇಲಿ ನೋಡ್ದಾಗ ಎಲ್ಲಾ ಅಸ್ರಾಗೇ ಕಾಣ್ತು ಕನವ್ವ. ನಿನ್ನ ಕಂಪ್ಯೂಟ್ರು ಅಸ್ರು ಅಂದ್ರ ನಾನು ಕೆಂಪು ಅನ್ಲ?"

ಸಭೆ ಕರೆಯಲು ಒಪ್ಪಿದರು. ಆದರೆ ತಮ್ಮ ಊರಿನ ಮಾತನ್ನು ತಾವು ಬಿಡುವುದಿಲ್ಲ ಎಂದೂ ಹೇಳಿದರು. ಒಕ್ಕೂಟ ಬಿಡುವುದಕ್ಕೆ ಮುಂಚೆ ಒಂದು ಸಲ ಬಂದು ಕೂರಲಿ ಎಂದು ತಮ್ಮನ ಹೆಂಡತಿಗೆ ನಾನು ಫೋನಿನಲ್ಲಿ ಹೇಳಿದೆ. ನೀನು ಹೇಳುತ್ತೀಯಲ್ಲ ಅಂತ ಬರುತ್ತೇನೆ ಎಂದಳು.

ಎರಡನೆಯ ಸಭೆಯಲ್ಲಿ ಅಧ್ಯಕ್ಷೆ ಮತ್ತೆ ಮಾಂಬಳ್ಳಿ ಎಂದೇ ವಿಷಯ ಇಟ್ಟರು. ಸರದಿಗಳು ಹೋದ ಸಲದಂತೆಯೇ ಸಾಗಿದವು. ಒತ್ತುವ ಹೊತ್ತಿಗೆ ಶಾಗ್ಯದ ಹೆಸರುಗಳು ಬಿಳಿಯಾಗಿ ನಿಂತವು, ನನ್ನದೂ ನಿಂತಿತು. ಈ ಸಲ ಏನೂ ಹಸಿರಾಗಲಿಲ್ಲ. ತಮ್ಮನ ಹೆಂಡತಿಯ ಹೆಸರು ದೊಡ್ಡದಾಯಿತು, ಅದರ ಕೆಳಗೆ ಆ ಪ್ರಶ್ನೆ ಬಂತು. ಅವಳು ಒಂದೊಂದೇ ಅಕ್ಷರ ಕೂಡಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿದಳು. ಶಾಗ್ಯದಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಬಳಿ. ಅಲ್ಲಿ ನಲ್ಲಿಗೆ ಬಂದವರ ಕೊಡದ ಸದ್ದು ನಮಗೂ ಕೇಳುತ್ತಿತ್ತು.

"ಆಗಿಬರಾದು ಅಂದ್ರ..." ಎಂದು ನಿಲ್ಲಿಸಿದಳು. ಆಮೇಲೆ ಹೇಳಿದಳು, "ಮಾಂಬಳ್ಳಿ ಚೆಂದಾಗಿರೋ ಊರೇ. ನಮ್ಮ ಸಾಮ ಅಲ್ಲಿಗ ಬರಕ್ಕ ಆಗಲ್ಲ. ಮೂಟ ನೋಡುದ್ರ ಕಂಡಕ್ಟ್ರು ಮೊದ್ಲೇ ಬಾಗ್ಲಾಕ್ತನ. ಬಂದ್ರೂ ಸಂಜಗ ಊರ್ ಸೇರಲ್ಲ. ಕೊಟ್ಗೇಲಿ ಕರ ಅರಚ್ಕಂಡು ನಿಂತಿರ್ತದ. ಮಿಷನ್ನು ನಮ್ಮ ಕಡ ಇದ್ರ ಬಿತ್ತೀವಿ. ಇಲ್ದಿದ್ರ ಮುಂದಿನ ಸಲ ಸಾಮ ಬಿತ್ತದೇ ಇಲ್ಲ."

ಅವಳು ಅಷ್ಟು ಉದ್ದ ಮಾತಾಡಿದ್ದನ್ನು ಸಭೆಯಲ್ಲಿ ನಾನು ಕೇಳಿರಲಿಲ್ಲ. ಬಂಡಳ್ಳಿಯ ಒಬ್ಬರು ತಮಗೂ ಶಾಗ್ಯವೇ ಹತ್ತಿರ ಎಂದರು. ನನ್ನ ಸರದಿ ಬಂದಾಗ ನಾನು, ನಂಗೂ ಶಾಗ್ಯದಲ್ಲಿದ್ರೇ ಸರಿ ಎಂದೆ. ಅಧ್ಯಕ್ಷೆ ಕರೆಂಟಿನ ಮಾತು ಎತ್ತಿದರು. ಹಳ್ಳಿಯ ಕಡೆ ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೋ ಯಾವ ಹೊತ್ತಿಗೆ ಹೋಗುತ್ತದೋ, ಯಂತ್ರ ಇಟ್ಟುಕೊಂಡು ಪೂಜೆ ಮಾಡುತ್ತೀರಾ ಎಂದು ಕೇಳಿದರು.

"ಕರೆಂಟು ಬಂದಾಗ ಎದ್ದೋಗಿ ಮೋಟ್ರಾಕೋರು ನಾವೇ ಕನಕ್ಕ," ಎಂದಳು ತಮ್ಮನ ಹೆಂಡತಿ. "ಮೋಟ್ರುಗ ಎದ್ದೋರು ಮಿಷನ್ನುಗ ಏಳಲ್ವ?"

ಯಾರೋ ನಕ್ಕರು, ಯಾರೆಂದು ಗೊತ್ತಾಗಲಿಲ್ಲ. ಮೈಕು ಮುಚ್ಚಲು ಪುಟ ಒಂದು ಕ್ಷಣ ತಡ ಮಾಡಿತ್ತು.

ವಿಷಯ ಬದಲಾಯಿತು. ಯಂತ್ರ ಶಾಗ್ಯದಲ್ಲಿ ಇರಲಿ ಎಂಬುದನ್ನು ಬಂಡಳ್ಳಿಯವರು ಇಟ್ಟರು. ಒತ್ತುವ ಹೊತ್ತಿಗೆ ಒಂದೊಂದೇ ಹೆಸರು ಹಸಿರಾಯಿತು. ನಾನೂ ಒತ್ತಿದೆ. ಮಾಂಬಳ್ಳಿಯ ಉಳಿದವರೂ ಸ್ವಲ್ಪ ತಡವಾಗಿ ಒತ್ತಿದರು. ಕೊನೆಗೆ ಒಂದೇ ಹೆಸರು ಬಿಳಿಯಾಗಿ ಉಳಿಯಿತು, ಅದು ಅಧ್ಯಕ್ಷೆಯದು. ಬೂದಿ ಬಣ್ಣವಲ್ಲ, ಬಿಳಿ. ಅವರು ಅಲ್ಲೇ ಇದ್ದಾರೆ, ಮುಟ್ಟುತ್ತಿಲ್ಲ.

ಎಲ್ಲರೂ ಕಾದೆವು. ಹಿಂದಿನ ನಿಯಮವಾಗಿದ್ದರೆ ಅವರ ಹೆಸರು ತಾನಾಗಿ ಹಸಿರಾಗಿ ಯಂತ್ರ ಶಾಗ್ಯಕ್ಕೆ ಹೋಗುತ್ತಿತ್ತು. ಸೊಸೆ ಲ್ಯಾಪ್‌ಟಾಪಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಫೋನು ಮಾಡಿ ಕೇಳಲೇ ಎಂದು ನನ್ನ ಕಡೆ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಸರದಿ ಅಧ್ಯಕ್ಷೆಗೆ ಹೋಯಿತು. ಅವರ ಹೆಸರು ದೊಡ್ಡದಾಗಿ, ಕೆಳಗೆ ಅದೇ ಪ್ರಶ್ನೆ ಬಂದು ನಿಂತಿತು. ಅವರ ಮನೆಯ ಗೋಡೆ ಗಡಿಯಾರದ ಸದ್ದು ನಮಗೆ ಕೇಳುತ್ತಿತ್ತು.

"ನಮ್ಮೂರಲ್ಲೂ ಒಂದಷ್ಟು ಜನ ಸಾಮ ಬೆಳಿತೀವಿ ಅಂತ ಆಸ ಇಟ್ಕಂಡವ್ರ," ಎಂದರು ಕೊನೆಗೆ. ಸಿಟ್ಟಿರಲಿಲ್ಲ. "ಅವ್ರೂ ಎಂಗಸ್ರೇ. ಅವ್ರೂ ಮೂಟ ಒತ್ಕಂಡು ಬಸ್ಸಲ್ಲೇ ಬರಾದು. ಶಾಗ್ಯಕ್ಕ ಬಂದ ದಿನವೇ ಮಾಡ್ಕೊಟ್ಟು ಕಳಿಸ್ಬೇಕು. ನಿಮ್ಮ ಸರದಿ ನಾಳ ಬತ್ತದ ಕೂತ್ಕಳಿ ಅನ್ಬಾರ್ದು. ಅಷ್ಟು ಮಾತು ಕೊಟ್ರ ನಂಗ ಆಗಿಬತ್ತದ."

ತಮ್ಮನ ಹೆಂಡತಿ ತಕ್ಷಣ ಹ್ಞೂಂ ಎನ್ನಲಿಲ್ಲ. ಟ್ಯಾಂಕಿನ ಬಳಿ ಇದ್ದವರ ಜೊತೆ ಮಾತಾಡಿದಳು. ಮೈಕಿನಿಂದ ಮುಖ ತಿರುಗಿಸಿದ್ದರಿಂದ ನಮಗೆ ಗುಜುಗುಜು ಮಾತ್ರ ಕೇಳಿತು. ಆಮೇಲೆ, ದೂರದಿಂದ ಬಂದವರ ಮೂಟೆ ಮೊದಲು, ಊರವರದು ಆಮೇಲೆ ಎಂದಳು. ಬರುವ ಹಿಂದಿನ ದಿನ ಒಂದು ಫೋನು ಮಾಡಿದರೆ ಕರೆಂಟು ಯಾವ ಹೊತ್ತಿಗೆ ಎಂದು ಹೇಳುತ್ತೇವೆ, ಅದಕ್ಕೆ ಸರಿಯಾಗಿ ಹೊರಡಲಿ ಎಂದಳು. ಸೊಸೆ ಆ ಮಾತುಗಳನ್ನು ವಿಷಯದ ಕೆಳಗೆ ಸೇರಿಸಿ ಬರೆದಳು. ಅಧ್ಯಕ್ಷೆ ಅದನ್ನು ಓದಿಸಿ ಕೇಳಿದರು. ಮುಂದಿನ ಕ್ಷಣ ಅವರ ಹೆಸರು ಹಸಿರಾಯಿತು.

ಯಂತ್ರ ತರುವ ಲಾರಿ ಯಾವ ದಾರಿಯಲ್ಲಿ ಬರಬೇಕು, ಮಳೆಗಾಲಕ್ಕೆ ಮುಂಚೆ ಬರುತ್ತದೆಯೇ ಎಂಬ ಮಾತು ಶುರುವಾಯಿತು. ಅಷ್ಟರಲ್ಲಿ ಹಾಲು ಕರೆಯುವ ಹೊತ್ತಾಗಿತ್ತು, ಒಬ್ಬೊಬ್ಬರೇ ಎದ್ದು ಹೋದರು.

ಯಂತ್ರ ಈಗ ಶಾಗ್ಯದಲ್ಲಿದೆ. ಶೀಟು ಹೊದಿಸಿದ ಕೋಣೆ, ಬಾಗಿಲಿನ ಮುಂದೆ ಹೊಟ್ಟಿನ ರಾಶಿ. ಹೋದ ಸಲ ಹೋದಾಗ ನೋಡಿ ಬಂದೆ. ಸುತ್ತಿನ ಹೊಲಗಳಲ್ಲಿ ಸಾಮೆ ಸ್ವಲ್ಪ ಹೆಚ್ಚಾಗಿದೆ ಎಂದು ತಮ್ಮ ಹೇಳಿದ. ಮಾಂಬಳ್ಳಿಯ ಹೆಂಗಸರು ಬಂದ ದಿನ ಕರೆಂಟು ಕೈಕೊಟ್ಟರೆ ಅವರಿಗೆ ಸಿಟ್ಟು ಬರುತ್ತದೆ. ನಮ್ಮೂರಲ್ಲಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಮುಖದ ಮೇಲೆಯೇ ಹೇಳುತ್ತಾರೆ. ಆ ಮಾತೂ ನಿಜ. ಅಂಥ ದಿನ ತಮ್ಮನ ಹೆಂಡತಿ ಅವರನ್ನು ಮನೆಗೆ ಕರೆದು ಊಟ ಹಾಕುತ್ತಾಳೆ, ಅವರು ಅದೇ ಸಿಟ್ಟಿನಲ್ಲಿಯೇ ಉಣ್ಣುತ್ತಾರೆ. ಒಕ್ಕೂಟ ಬಿಡುವ ಮಾತನ್ನು ಮಾತ್ರ ಆಮೇಲೆ ಯಾರೂ ಎತ್ತಿಲ್ಲ.